ದೊಡ್ಡಮ್ಮನಿಗೆ ಕಾಣಿಸುವ ಮಾತು

ಕ್ರೋಂಪೇಟೆ, ಚೆನ್ನೈ
21 ಜುಲೈ 2024

ದೊಡ್ಡಮ್ಮಾ,

ನೀನು ಹೇಳಿದ ಹಾಗೆ ಮೊದಲ ಭಾನುವಾರವೇ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ಫೋನು, ನಿನಗೆ ಕಾಗದ. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಕೇಳಿದರೆ ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ತಮಿಳಿನಲ್ಲಿ ಏನೋ ಕೇಳಿದರು. ನಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿದರೆ ಕಿವಿಯ ಮಿಷನ್ ಕುಯ್ಯೋ ಎನ್ನುತ್ತದೆ, ಮೊಬೈಲಿನಲ್ಲಿ ಅಕ್ಷರ ಒತ್ತುವುದೆಂದರೆ ಅವಳಿಗೆ ಇರುವೆಗೆ ಚಡ್ಡಿ ಹೊಲಿದ ಹಾಗೆ ಎಂದೆಲ್ಲ ಹೇಳಬೇಕು ಅನ್ನಿಸಿತು. ಸುಮ್ಮನೆ ನಕ್ಕು ಬಂದೆ.

ಕೋಣೆ ಚೆನ್ನಾಗಿದೆ. ಮನೆಯ ಮಾಲೀಕರನ್ನು ಬೀದಿಯವರೆಲ್ಲ ಬೇಬಿ ಅಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬೆಳಿಗ್ಗೆ ಲೋಕಲ್ ಟ್ರೈನ್ ಹತ್ತಿ ಗಿಂಡಿಯಲ್ಲಿ ಇಳಿದು ಸ್ವಲ್ಪ ನಡೆದರೆ ನಮ್ಮ ಅನಿಮೇಶನ್ ಶಾಲೆ. ಮೈಸೂರಿನಲ್ಲಿ ಅಷ್ಟು ವರ್ಷ ಬಣ್ಣ ಕಲಸಿ, ಎಣ್ಣೆಯ ವಾಸನೆ ಕುಡಿದು ಚಿತ್ರಕಲೆ ಕಲಿತವಳಿಗೆ ಇಲ್ಲಿ ಕೊಟ್ಟದ್ದು ಒಂದು ಕರಿಹಲಗೆ. ಅದರ ಮೇಲೆ ಪೆನ್ನಾಡಿಸಿದರೆ ಗೆರೆ ಹಲಗೆಯ ಮೇಲೆ ಬೀಳುವುದಿಲ್ಲ, ಎದುರಿನ ಪರದೆಯ ಮೇಲೆ ಬೀಳುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಮೊದಲ ದಿನ ನಾನು ಬರೆದ ಬೆಕ್ಕು ಕಿವಿ ಬಂದ ಆಲೂಗಡ್ಡೆಯ ಹಾಗಿತ್ತು. ಒಂದೇ ಸುಖವೆಂದರೆ, ಗೆರೆ ತಪ್ಪಿದಾಗ ಒಂದು ಗುಂಡಿ ಒತ್ತಿದರೆ ಸಾಕು, ತಪ್ಪೇ ನಡೆದಿಲ್ಲ ಎನ್ನುವ ಹಾಗೆ ಅದು ಹಿಂದಕ್ಕೆ ಹೋಗಿಬಿಡುತ್ತದೆ.

ವರ್ಷದ ಕೊನೆಗೆ ಪ್ರತಿಯೊಬ್ಬರೂ ಮೂರು ನಿಮಿಷದ ಒಂದು ಚಿತ್ರ ಮಾಡಬೇಕು. ನನ್ನ ಕಥೆ ಏನು ಗೊತ್ತಾ? ಒಂದು ಹೊಲಿಗೆ ಅಂಗಡಿ. ಶಾಲೆ ಬಿಟ್ಟ ಹುಡುಗಿಯೊಬ್ಬಳು ಹರಿದ ಲಂಗ ಹಿಡಿದು ಓಡಿಬರುತ್ತಾಳೆ. ಅಂಗಡಿಯಾಕೆ ಅದನ್ನು ಹೊಲಿಯುವಷ್ಟು ಹೊತ್ತೂ ಆ ಹುಡುಗಿ ಇಡೀ ದಿನದ ವರದಿ ಒಪ್ಪಿಸುತ್ತಾಳೆ. ಅಮ್ಮ ಬ್ಯಾಂಕಿನಿಂದ ಬರುವವರೆಗೆ ನಾನು ನಿನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಒದರುತ್ತಿದ್ದೆನಲ್ಲ, ಅದೇ. ನನ್ನ ಮಾತನ್ನು ಕೊನೆಯವರೆಗೂ ಕೇಳಿದವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಹಾಗಾಗಿ ಈ ಚಿತ್ರವನ್ನೂ ಮೊದಲು ನೀನೇ ಕೇಳಬೇಕು. ಮಾರ್ಚಿನಲ್ಲಿ ಇಲ್ಲಿಯ ಸಭಾಂಗಣದಲ್ಲಿ ಎಲ್ಲರ ಮುಂದೆ ತೋರಿಸುತ್ತಾರೆ, ಮೊದಲ ಸಾಲಿನಲ್ಲಿ ನಿನಗೊಂದು ಸೀಟು ಇಡುತ್ತೇನೆ.

ಕಿವಿಯ ಮಿಷನ್ ಈಗ ಸರಿ ಇದೆಯಾ? ಬರೆ.

ನಿನ್ನ ಬಾಯಿಬಡುಕಿ
ಶ್ರೀಯಾ

---

ತಿಪಟೂರು
2 ಆಗಸ್ಟ್ 2024

ಶ್ರೀಯಾ ಮರಿ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ಮಂಗಳಾರತಿ ತಟ್ಟೆ ಕೊಟ್ಟ ಹಾಗೆ. ನಾನು ಅಂಗಡಿಯ ಬಾಗಿಲಲ್ಲೇ ನಿಂತು ಓದಿದೆ.

ಕಿವಿಯ ಚಿಂತೆ ನಿನಗೆ ಬೇಡ. ಹೊಸ ಸೆಲ್ ಹಾಕಿಸಿದ ಮೇಲೆ ಪಕ್ಕದ ಬೀದಿಯ ಕಾಗೆ ಕೂಗಿದ್ದೂ ಕೇಳಿಸುತ್ತದೆ. ಮೊನ್ನೆ ನಾಗರತ್ನಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದೆವು. ಊಟದ ಮನೆಯ ಆ ಕೊನೆಯಲ್ಲಿ ಕೂತ ಅವರ ಬೀಗಿತ್ತಿ, ಪಾಯಸಕ್ಕೆ ಸಕ್ಕರೆ ಹಾಕಲು ಮರೆತಿದ್ದಾರೆ ಎಂದು ಪಕ್ಕದವಳಿಗೆ ಹೇಳಿದ್ದನ್ನು ನಾನು ಈ ಕೊನೆಯಲ್ಲಿ ಕೂತು ಸುಮತಿಗೆ ಹೇಳಿದೆ. ನಿಮ್ಮಮ್ಮ ಬೆರಗಾದಳು. "ಅಷ್ಟು ದೂರದ್ದು ನಂಗೇ ಕೇಳ್ಸಲಿಲ್ಲ, ನಿಂಗ್ ಹೆಂಗ್ ಕೇಳ್ಸ್ತಕ್ಕಾ?" ಎಂದಳು. ಮಿಷನ್ ಅಂದರೆ ಮಿಷನ್ ಎಂದೆ.

ಆ ಹಿಂದಕ್ಕೆ ಹೋಗುವ ಗುಂಡಿ ನನಗೂ ಒಂದು ಕಳಿಸು. ಬಟ್ಟೆಗೆ ಕತ್ತರಿ ಬಿದ್ದ ಮೇಲೆ ದೇವರೇ ಬಂದರೂ ಹಿಂದಕ್ಕೆ ಹೋಗುವುದಿಲ್ಲ. ಅದೇ ನಾಗರತ್ನಮ್ಮ ಶ್ರಾವಣಕ್ಕೆ ಬ್ಲೌಸ್ ಹೊಲಿಸಲು ಬಂದು, "ನಾನು ದಪ್ಪ ಆಗಿದೀನಿ ಪ್ರೇಮಮ್ಮ, ಟೇಪ್ ಹಿಡಿದು ಮೈ ಅಳತೆ ತಗೊಳ್ಳಿ" ಎಂದು ಹಟ ಹಿಡಿದರು. ನನ್ನ ಅಂಗಡಿಯ ಪದ್ಧತಿ ನಿನಗೆ ಗೊತ್ತಲ್ಲ, ಅಳತೆ ಬ್ಲೌಸ್ ತಂದರೆ ಹೊಲಿಗೆ, ಇಲ್ಲದಿದ್ದರೆ ಇಲ್ಲ. ಗೊಣಗಿಕೊಂಡು ಹೋಗಿ ತಂದರು.

ನನ್ನ ಅಂಗಡಿಯನ್ನು ಸಿನಿಮಾ ಮಾಡುತ್ತೀಯಂತೆ. ನಿನಗೆ ಬೇರೆ ಕಥೆ ಸಿಗಲಿಲ್ಲವೇನೇ? ಹೀಗೆ ಬರೆಯುತ್ತಿದ್ದರೂ ಎರಡು ದಿನದಿಂದ ಅಂಗಡಿಯ ಗೋಡೆ ಒರೆಸುತ್ತಿದ್ದೇನೆ. ಅಲ್ಲಿ ತಮಿಳು ಕಲಿತೆಯಾ? ಊಟ ಸರಿಯಾಗಿ ಮಾಡು.

ದೊಡ್ಡಮ್ಮ

---

ಕ್ರೋಂಪೇಟೆ
29 ಸೆಪ್ಟೆಂಬರ್ 2024

ದೊಡ್ಡಮ್ಮಾ,

ತಮಿಳು ನನಗೀಗ ನೀರು ಕುಡಿದಷ್ಟು ಸುಲಭ. ಬೇಬಿ ಅಕ್ಕನ ಜೊತೆ ದಿನಾ ಸಂಜೆ ಹರಟೆ. ಕ್ಲಾಸಿನಲ್ಲಿ ಧನುಷ್ ಎಂಬ ಗೆಳೆಯನಿದ್ದಾನೆ, ಇದೇ ಊರಿನವನು. ಅವನ ಜೊತೆಗೂ ತಮಿಳೇ.

ಚಿತ್ರದ ಕೆಲಸ ಶುರುವಾಗಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬರೆಯಬೇಕು. ಹುಡುಗಿ ಬಾಗಿಲಿನಿಂದ ಸ್ಟೂಲಿನವರೆಗೆ ನಡೆದು ಬರಲು ನನಗೆ ಒಂದು ವಾರ ಹಿಡಿಯಿತು. ನೀನು ಪಾದದಿಂದ ಹೊಲಿಗೆ ಮಿಷನ್ ತುಳಿಯುವುದನ್ನು ಬರೆಯಲು ಇನ್ನೊಂದು ವಾರ. ಮಾತಿಗೆ ಮಾತ್ರ ಅಷ್ಟು ಕಷ್ಟವಿಲ್ಲ. ಕಂಪ್ಯೂಟರಿನಲ್ಲಿ ತಯಾರಾದ ಬಾಯಿಗಳ ಒಂದು ಕಟ್ಟು ಇದೆ. ತೆರೆದ ಬಾಯಿ, ಮುಚ್ಚಿದ ಬಾಯಿ, ಗುಂಡಗಿನ ಬಾಯಿ ಹೀಗೆ. ನಮ್ಮ ದನಿ ಕೊಟ್ಟರೆ ಅದೇ ಯಾವುದೋ ಬಾಯಿ ಆರಿಸಿ ಅಂಟಿಸಿಕೊಳ್ಳುತ್ತದೆ. ಹುಡುಗಿಗೆ ನನ್ನದೇ ದನಿ. ಬೀದಿಯ ಸದ್ದು ಬರಬಾರದೆಂದು ತಲೆಯ ಮೇಲೆ ಕಂಬಳಿ ಹೊದ್ದು ಮಾತಾಡಿದೆ, ಚೆನ್ನೈ ಸೆಕೆಯಲ್ಲಿ!

ಮೊದಲ ತುಣುಕು ಸಿದ್ಧವಾಗಿದೆ. ಈಗಲೇ ನಿನ್ನ ಮೊಬೈಲಿಗೆ ಕಳಿಸುತ್ತೇನೆ. ಮಿಷನ್ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದು ಕೇಳು. ಅಮ್ಮನಿಗೆ ತೋರಿಸಬೇಡ, ಒಬ್ಬಳೇ ಇರುವಾಗ ನೋಡು. ಹೇಗಿತ್ತೆಂದು ಮುಚ್ಚುಮರೆ ಇಲ್ಲದೆ ಬರೆ.

ಶ್ರೀಯಾ

---

ತಿಪಟೂರು
7 ಅಕ್ಟೋಬರ್ 2024

ಶ್ರೀಯಾ ಮರಿ,

ನೋಡಿದೆ. ಒಂದು ಸಲವಲ್ಲ, ನಾಲ್ಕೈದು ಸಲ. ಆ ಹುಡುಗಿಯ ಜಡೆ ಕುಣಿಯುವುದು ಥೇಟ್ ನಿನ್ನದೇ. ಮಿಷನ್ ಮುಂದೆ ಕೂತವಳು ನನಗಿಂತ ತೆಳ್ಳಗಿದ್ದಾಳೆ, ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ.

ದನಿಯಂತೂ ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಒಂದೊಂದು ಮಾತೂ ಸ್ಪಷ್ಟ. ನಿನ್ನ ಕೊರಳು ಕೇಳಿ ಕಣ್ಣು ತುಂಬಿತು. ಸ್ವಲ್ಪ ಶೀತವಾದಂತಿತ್ತು. ಆ ಊರಿನ ನೀರು ನಿನಗೆ ಒಗ್ಗಿಲ್ಲವೇನೋ, ಜೀರಿಗೆ ಮೆಣಸು ಕುಟ್ಟಿ ಕಷಾಯ ಮಾಡಿ ಕುಡಿ.

ದಸರಾ ಬ್ಲೌಸುಗಳ ಗಡಿಬಿಡಿ. ಮತ್ತೆ ಬರೆಯುತ್ತೇನೆ.

ದೊಡ್ಡಮ್ಮ

---

ಕ್ರೋಂಪೇಟೆ
13 ಅಕ್ಟೋಬರ್ 2024

ದೊಡ್ಡಮ್ಮಾ,

ಇದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ನಿನ್ನ ಕಾಗದ ಬಂದ ಖುಷಿಯಲ್ಲಿ ನಿನಗೆ ಕಳಿಸಿದ ತುಣುಕನ್ನೇ ಫೋನಿನಲ್ಲಿ ತೆಗೆದು ಧನುಷ್‌ಗೆ ತೋರಿಸಿದೆ. ಅವನು ಫೋನನ್ನು ಕಿವಿಗೆ ಹಿಡಿದು, ಅಲ್ಲಾಡಿಸಿ, "ಇದರಲ್ಲಿ ದನಿಯೇ ಇಲ್ಲವಲ್ಲ" ಎಂದ. ಹೌದು, ಇಲ್ಲ. ಚಿತ್ರ ಬೇರೆ, ದನಿ ಬೇರೆ ಪದರದಲ್ಲಿರುತ್ತದೆ. ಆತುರದಲ್ಲಿ ನಾನು ದನಿ ಸೇರಿಸದೆ ಬರೀ ಚಿತ್ರವನ್ನು ಕಳಿಸಿಬಿಟ್ಟಿದ್ದೆ.

ನೀನು ಕೇಳಿದ ನನ್ನ ದನಿ ಅದರಲ್ಲಿ ಇರಲೇ ಇಲ್ಲ ದೊಡ್ಡಮ್ಮ. ಶೀತವೂ ಇರಲಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ನೀನು ಟೇಪ್ ಹಿಡಿದು ಅಳತೆ ತೆಗೆಯುವುದನ್ನು ಬಿಟ್ಟದ್ದು ಯಾಕೆ ಎಂದು ಈಗ ಹೊಳೆಯಿತು. ಬೆನ್ನಿನ ಅಳತೆ ತೆಗೆಯುವಾಗ ಅವರ ಮುಖ ನಿನಗೆ ಕಾಣುವುದಿಲ್ಲ, ಅವರು ಹೇಳಿದ್ದು ನಿನಗೆ ತಿಳಿಯುವುದಿಲ್ಲ, ಅಲ್ಲವಾ? ನಾಮಕರಣದ ಪಾಯಸದ ಮಾತನ್ನೂ ನೀನು ಕೇಳಿದ್ದಲ್ಲ, ನೋಡಿದ್ದು.

ಅಮ್ಮನಿಗೆ ನಾನು ಹೇಳಿಲ್ಲ. ಆದರೆ ಹೇಳಲೇಬೇಕು. ಬೆಂಗಳೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸೋಣ. ಅಲ್ಲಿಯವರೆಗೆ ಅಂಗಡಿಯಿಂದ ಮನೆಗೆ ಒಬ್ಬಳೇ ನಡೆದು ಬರಬೇಡ, ಹಿಂದಿನಿಂದ ಲಾರಿ ಬಂದರೆ ತಿಳಿಯುವುದಿಲ್ಲ. ಸ್ವಲ್ಪ ದಿನ ಅಂಗಡಿಗೆ ರಜ ಹಾಕಿದರೂ ನಡೆಯುತ್ತದೆ. ಬೇಗ ಬರೆ.

ಶ್ರೀಯಾ

---

ಕ್ರೋಂಪೇಟೆ
10 ನವೆಂಬರ್ 2024

ದೊಡ್ಡಮ್ಮಾ,

ದೀಪಾವಳಿಯೂ ಮುಗಿಯಿತು, ನಿನ್ನ ಕಾಗದವಿಲ್ಲ. ಅಮ್ಮನನ್ನು ಕೇಳಿದರೆ ನೀನು ಆರಾಮಾಗಿದ್ದೀಯ, ಹಬ್ಬಕ್ಕೆ ಕಜ್ಜಾಯ ಮಾಡಿದ್ದೀಯ ಎನ್ನುತ್ತಾಳೆ. ಹಾಗಾದರೆ ಸಿಟ್ಟು ನನ್ನ ಮೇಲೇ.

ಒಂದು ನಿಜ ಹೇಳುತ್ತೇನೆ. ನನಗೆ ತಮಿಳು ಬರುವುದಿಲ್ಲ. ನೀರು ಕುಡಿದಷ್ಟು ಸುಲಭ ಎಂದು ಬರೆದದ್ದು ಬರೀ ಬೊಗಳೆ. ಬೇಬಿ ಅಕ್ಕ ಮಾತಾಡುವಾಗ ನಾನು ಅವರ ಹುಬ್ಬು, ಕೈ, ಬಾಯಿ ನೋಡುತ್ತಾ "ಆಮಾ ಅಕ್ಕಾ, ಆಮಾ" ಎನ್ನುತ್ತೇನೆ. ಹೌದು ಹೌದು ಅಂತ. ಅವರು ಯಾರೋ ಸತ್ತ ಸುದ್ದಿ ಹೇಳುವಾಗಲೂ ಒಮ್ಮೆ ನಕ್ಕುಬಿಟ್ಟೆ. ಕ್ಲಾಸಿನಲ್ಲಿ ಮಧುಸೂದನ್ ಸರ್ ಪಾಠವನ್ನು ಇಂಗ್ಲಿಷಿನಲ್ಲಿ ಮಾಡುತ್ತಾರೆ, ತಮಾಷೆಯನ್ನು ತಮಿಳಿನಲ್ಲಿ. ಎಲ್ಲರೂ ನಕ್ಕ ಮೇಲೆ ನಾನು ನಗುತ್ತೇನೆ. "ಪುರಿಯುದಾ?" ಅಂದರೆ ತಿಳಿಯಿತಾ ಎಂದು ಕೇಳಿದರೆ ಅದಕ್ಕೂ ಆಮಾ. ಮೊದಮೊದಲು ಧನುಷ್‌ನನ್ನು ಏನಂದರು ಎಂದು ಕೇಳುತ್ತಿದ್ದೆ. ಅವನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಈಗೀಗ "ಬಿಡು, ಅಷ್ಟೇನಿಲ್ಲ" ಎನ್ನುತ್ತಾನೆ. ಒಳ್ಳೆಯ ಹುಡುಗ, ಬೇಕೆಂದು ಹೇಳುವುದಲ್ಲ. ಆದರೆ ಆ 'ಬಿಡು' ಕೇಳಿದಾಗ ಎದ್ದು ರೈಲು ಹತ್ತಿ ಊರಿಗೆ ಬಂದುಬಿಡೋಣ ಅನ್ನಿಸುತ್ತದೆ.

ಡಾಕ್ಟರ ವಿಷಯ ಇನ್ನು ಎತ್ತುವುದಿಲ್ಲ. ಅಮ್ಮನಿಗೂ ಹೇಳುವುದಿಲ್ಲ. ಬಯ್ಯಲಿಕ್ಕಾದರೂ ಒಂದು ಕಾಗದ ಹಾಕು.

ಶ್ರೀಯಾ

---

ತಿಪಟೂರು
1 ಡಿಸೆಂಬರ್ 2024

ಶ್ರೀಯಾ,

ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ. ನಿನ್ನ ಅಕ್ಟೋಬರ್ ಕಾಗದ ಓದಿ ಹರಿದು ಹಾಕಿದೆ. ಆಮೇಲೆ ಚೂರುಗಳನ್ನು ಕತ್ತರಿಸುವ ಮೇಜಿನ ಮೇಲೆ ಜೋಡಿಸಿಕೊಂಡು ಇನ್ನೊಮ್ಮೆ ಓದಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಹೌದು, ಕೇಳಿಸುವುದಿಲ್ಲ. ನೀನು ಹೈಸ್ಕೂಲಿನಲ್ಲಿದ್ದಾಗ ಎಡಗಿವಿ ಹೋಯಿತು. ನೀನು ಮೈಸೂರಿಗೆ ಹೋದ ಮೇಲೆ ಬಲಗಿವಿಯೂ ಅದರ ಹಿಂದೆಯೇ ಹೊರಟಿತು. ಮಿಷನ್ ಹಾಕಿದರೆ ಬರುವುದು ಬರೀ ಗುಂಯ್ ಸದ್ದು. ಓಲೆ ಹಾಕಿಕೊಂಡ ಹಾಗೆ ಹಾಕಿಕೊಳ್ಳುತ್ತೇನೆ ಅಷ್ಟೆ. ದೊಡ್ಡ ಡಾಕ್ಟರಿಗೆ ತೋರಿಸು ಎಂದೆಯಲ್ಲ, ತೋರಿಸಿದ್ದೇನೆ. ಲೈನಿಂಗ್ ಬಟ್ಟೆ ತರುತ್ತೇನೆ ಎಂದು ಹೇಳಿ ಒಬ್ಬಳೇ ಬೆಂಗಳೂರಿಗೆ ಹೋಗಿಬಂದೆ. ಆಪರೇಷನ್ ಮಾಡಬಹುದು, ಎಷ್ಟು ಕೇಳಿಸುತ್ತದೋ ಹೇಳಲಾಗದು ಎಂದು ಬರೆದು ತೋರಿಸಿದರು. ತಲೆ ಕೊರೆಸಿಕೊಳ್ಳುವುದು ನನಗೆ ಬೇಡ ಎಂದು ಎದ್ದು ಬಂದೆ.

ಯಾಕೆ ಮುಚ್ಚಿಟ್ಟೆ ಎಂದು ನಿನಗೆ ಈಗ ನಾನು ಹೇಳಬೇಕಾಗಿಲ್ಲ, ಆ 'ಬಿಡು' ನಿನಗೂ ಚುಚ್ಚಿದೆಯಲ್ಲ. ನಮ್ಮಮ್ಮನಿಗೂ ಕಡೆಗಾಲದಲ್ಲಿ ಕೇಳಿಸುತ್ತಿರಲಿಲ್ಲ. ಮನೆಮಂದಿ ನಗುವಾಗ ಅವಳು "ಏನಂತೆ?" ಎನ್ನುವಳು, "ಏನಿಲ್ಲ ಬಿಡಮ್ಮ" ಎನ್ನುವುದು ಎಲ್ಲರಿಗೂ ರೂಢಿಯಾಗಿತ್ತು. ಅನ್ನ, ಬಟ್ಟೆ, ಔಷಧಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಮಾತು ಮಾತ್ರ ಇರಲಿಲ್ಲ. ಕಿವುಡಿ ಎಂದು ಗೊತ್ತಾದ ಮೇಲೆ ಯಾರೂ ಮಾತನ್ನು ಪೂರ್ತಿ ಮಾಡುವುದಿಲ್ಲ ಮರಿ. ಈಗ ಅಂಗಡಿಗೆ ಬಂದವರು ಅತ್ತೆಯ ಕಾಟ, ಸೊಸೆಯ ಕಾಟ, ಗಂಡನ ಸಕ್ಕರೆ ಕಾಯಿಲೆ ಎಲ್ಲ ಹೇಳಿಕೊಂಡು ಹೋಗುತ್ತಾರೆ. ಬಾಯಿ ನೋಡಿ ಅರ್ಧ ತಿಳಿಯುತ್ತೇನೆ, ಇನ್ನರ್ಧ ಊಹಿಸುತ್ತೇನೆ. ಅದೂ ನಿಂತರೆ ನಾನು ದಿನ ಕಳೆಯುವುದು ಹೇಗೆ? ನನಗಿರುವ ಭಯ ಅದೊಂದೇ. ಸುಮತಿಗೆ ತಿಳಿದರೆ ಅಂಗಡಿ ಮುಚ್ಚಿಸಿ ಮನೆಯಲ್ಲಿ ಕೂರಿಸುತ್ತಾಳೆ. ಪ್ರೀತಿಯಿಂದಲೇ ಕೂರಿಸುತ್ತಾಳೆ.

ಇನ್ನು ನಿನ್ನ ಚಿತ್ರದ ವಿಷಯ. ಮುಚ್ಚುಮರೆ ಬೇಡ ಎಂದಿದ್ದೆಯಲ್ಲ. ಆ ಹುಡುಗಿಯದು ಮೀನಿನ ಬಾಯಿ. ತೆರೆಯಿತು, ಮುಚ್ಚಿತು. ಒಂದು ಮಾತೂ ಸಿಗಲಿಲ್ಲ. ನಿನಗೆ ನೋವಾಗಬಾರದೆಂದು ದನಿ ಹೊಗಳಿದೆ. ಶೀತದ ಮಾತು ಸ್ವಲ್ಪ ಜಾಸ್ತಿಯಾಯಿತು, ಒಪ್ಪಿಕೊಳ್ಳುತ್ತೇನೆ.

ದೊಡ್ಡಮ್ಮ

---

ಕ್ರೋಂಪೇಟೆ
15 ಡಿಸೆಂಬರ್ 2024

ದೊಡ್ಡಮ್ಮಾ,

ನಿನ್ನ ಕಾಗದ ಓದಿ ಅತ್ತೆ. ಶೀತದ ಸಾಲಿಗೆ ಬಂದಾಗ ನಗು ಬಂತು. ಬೇಬಿ ಅಕ್ಕ ಗಾಬರಿಯಾಗಿ ರಸಂ ಕಾಯಿಸಿ ತಂದರು.

ಒಂದು ತೀರ್ಮಾನ ಮಾಡಿದ್ದೇನೆ. ತಯಾರಾದ ಬಾಯಿಗಳ ಆ ಕಟ್ಟನ್ನು ತೆಗೆದುಹಾಕಿದೆ. ಅವು ಇಂಗ್ಲಿಷ್ ಮಾತಿಗೆ ಮಾಡಿದ ಬಾಯಿಗಳು, ನಮ್ಮ ಮಾತು ಅವುಗಳಲ್ಲಿ ಹಿಡಿಯುವುದಿಲ್ಲ. ಹುಡುಗಿಯ ಪ್ರತಿ ಮಾತಿಗೂ ನಾನೇ ಬಾಯಿ ಬರೆಯುತ್ತೇನೆ, ನೀನು ನೋಡಿಯೇ ಕೇಳುವ ಹಾಗೆ. ಕೆಳಗೆ ಕನ್ನಡದಲ್ಲಿ ಅಕ್ಷರ ಹಾಕಿದರೆ ಮುಗಿಯಿತಲ್ಲ ಎಂದ ಧನುಷ್. ಇಲ್ಲಿಯವರಿಗಾಗಿ ಇಂಗ್ಲಿಷ್ ಅಕ್ಷರ ಹೇಗೂ ಹಾಕುತ್ತೇನೆ. ಆದರೆ ನೀನು ತಲೆ ತಗ್ಗಿಸಿ ಅಕ್ಷರ ಓದುತ್ತಿದ್ದರೆ ನಾನು ಬರೆದ ಮುಖ ನೋಡುವವರು ಯಾರು?

ಕಳೆದ ವಾರ ನಮ್ಮನ್ನು ಶೋಳಿಂಗನಲ್ಲೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕೆಲಸ ಮಾಡುವವರ ಮೇಜಿನ ಮೇಲೆಲ್ಲ ಒಂದೊಂದು ಪುಟ್ಟ ಕನ್ನಡಿ. ಮಾತನ್ನು ತಾವೇ ಆಡಿಕೊಂಡು, ತಮ್ಮ ಬಾಯಿ ನೋಡಿಕೊಂಡು ಬರೆಯುತ್ತಾರೆ. ನಾನೂ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಒಂದು ಕೊಂಡೆ. ಟ್ರೈನಿನಲ್ಲಿ ಕನ್ನಡಿ ಹಿಡಿದು "ಲಂಗ ಹರೀತು, ಲಂಗ ಹರೀತು" ಎಂದು ಬಾಯಾಡಿಸುತ್ತಾ ಕೂತರೆ ಎದುರಿನ ಹೆಂಗಸು ಮಗುವನ್ನು ಆ ಕಡೆಗೆ ಎಳೆದುಕೊಂಡಳು.

ಹೊಸ ತುಣುಕು ಕಳಿಸಿದ್ದೇನೆ. ಬೇಕೆಂದೇ ದನಿ ಹಾಕಿಲ್ಲ.

ಶ್ರೀಯಾ

---

ತಿಪಟೂರು
9 ಜನವರಿ 2025

ಶ್ರೀಯಾ ಮರಿ,

ಮೀನು ಹೋಯಿತು, ಈಗ ಮೊಸಳೆ ಬಂದಿದೆ. ಅಷ್ಟು ದೊಡ್ಡದಾಗಿ ಬಾಯಿ ತೆರೆಯುತ್ತಾಳಲ್ಲ, ನನ್ನನ್ನು ನುಂಗಲು ಬರುತ್ತಿದ್ದಾಳಾ? ಕಿವುಡರೆಂದು ತಿಳಿದ ತಕ್ಷಣ ಜನ ಹೀಗೇ ಮಾಡುತ್ತಾರೆ, ಒಂದೊಂದು ಅಕ್ಷರವನ್ನೂ ಹಿಗ್ಗಿಸಿ ಕಿರುಚುತ್ತಾರೆ. ಆಗ ಹಲ್ಲೊಂದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ದಿನಾ ಮಾತಾಡುವ ಹಾಗೆ ಮಾತಾಡಿಸು.

ಕೇಳು. ಪ, ಬ, ಮ ನೋಡಲು ಒಂದೇ, ತುಟಿ ಮುಚ್ಚುತ್ತದೆ ಅಷ್ಟೆ. ಕ, ಗ ಗಂಟಲಲ್ಲೇ ಕೂತಿರುತ್ತವೆ, ಹೊರಗೆ ಬರುವುದೇ ಇಲ್ಲ. ಹಾಗಾದರೆ ನಾನು ತಿಳಿಯುವುದು ಹೇಗೆ? ಬರೀ ತುಟಿ ನೋಡುವುದಿಲ್ಲ ಮರಿ. ಕೆನ್ನೆ ನೋಡುತ್ತೇನೆ, ಹುಬ್ಬು ನೋಡುತ್ತೇನೆ. ಪ್ರಶ್ನೆ ಕೇಳುವವರ ಗಲ್ಲ ಮುಂದೆ ಬರುತ್ತದೆ. ಸುಳ್ಳು ಹೇಳುವವರು ಬಾಯಿ ತೆರೆಯುವ ಮೊದಲೇ ಕಣ್ಣು ಮಿಟುಕಿಸುತ್ತಾರೆ. ನಿನ್ನ ಹುಡುಗಿಯ ತುಟಿ ಆಡುತ್ತದೆ, ಉಳಿದ ಮುಖ ಗೋಡೆಗೆ ಮೆತ್ತಿದ ಸುಣ್ಣ. ಜಗಳದ ಕಥೆ ಹೇಳುವವಳ ಮೂಗು ಅರಳಬೇಡವಾ?

ಇಷ್ಟಾದರೂ ಎರಡು ಕಡೆ ಸಿಕ್ಕಿತು. "ಟೀಚರ್ ಬಯ್ದ್ರು" ಎಂದಳು. "ಊಟ ಚೆಲ್ಲಿತು" ಎಂದಳು. ಸರಿಯಾ? ಬಾಡಿದ ಮುಖ ಮಾಡಿಕೊಂಡು ಅವಳು ಊಟ ಚೆಲ್ಲಿತು ಎಂದಾಗ ನಾನು ಮೊಬೈಲಿಗೇ "ಅಯ್ಯೋ, ಆಮೇಲೆ ಏನ್ ತಿಂದೆ?" ಎಂದುಬಿಟ್ಟೆ. ಸಂಕ್ರಾಂತಿಗೆ ಎಳ್ಳು ಬೀರಲು ನೀನಿಲ್ಲ. ಡಬ್ಬಿಯಲ್ಲಿ ಎಳ್ಳು ತುಂಬಿ, ಸಕ್ಕರೆ ಅಚ್ಚು ಬೇರೆಯಾಗಿ ಕಟ್ಟಿ ಕಳಿಸುತ್ತೇನೆ.

ದೊಡ್ಡಮ್ಮ

---

ಕ್ರೋಂಪೇಟೆ
23 ಫೆಬ್ರವರಿ 2025

ದೊಡ್ಡಮ್ಮಾ,

ಎರಡೂ ಸರಿ! ಎಳ್ಳಿನ ಡಬ್ಬಿ ಕ್ಲಾಸಿಗೆ ಒಯ್ದೆ, ಒಂದೇ ಗಳಿಗೆಯಲ್ಲಿ ಖಾಲಿ. ಏನೆಂದು ಧನುಷ್ ಕೇಳಿದ. ತಮಿಳಿನಲ್ಲಿ ವಿವರಿಸಲು ಹೋಗಿ ಸೋತು, "ತಿನ್ನು" ಎಂದೆ. ಈಗ ನಾನೂ ಹಟ ಹಿಡಿದಿದ್ದೇನೆ. ಅವನು 'ಬಿಡು' ಎಂದರೆ, ಬಿಡುವುದಿಲ್ಲ, ಹೇಳು ಎನ್ನುತ್ತೇನೆ. ಪಾಪ, ಹೇಳುತ್ತಾನೆ.

ಮುಖವೆಲ್ಲ ಮತ್ತೆ ಬರೆದೆ. ಹುಬ್ಬು, ಕೆನ್ನೆ, ಗಲ್ಲ, ಅರಳುವ ಮೂಗು ಕೂಡ. ಅದರಲ್ಲೇ ದಿನಗಳು ಹೋದವು. ಅಂಗಡಿಯ ಗೋಡೆ, ಬಟ್ಟೆಯ ರಾಶಿ, ಹೊರಗಿನ ಬೀದಿ ಯಾವುದಕ್ಕೂ ಬಣ್ಣ ತುಂಬಲಾಗಲಿಲ್ಲ, ಬರೀ ಗೆರೆಯಲ್ಲಿ ನಿಂತಿವೆ. ಮಧುಸೂದನ್ ಸರ್ ನೋಡಿ, "ಬಾಯಿಗೆ ಇಷ್ಟು ಹೊತ್ತು ಯಾಕೆ ಹಾಕಿದೆ? ಹೀಗೇ ಬಿಟ್ಟರೆ ಮಾರ್ಕ್ಸ್ ಹೋಗುತ್ತದೆ" ಎಂದರು. ನೋಡುವವರು ಒಬ್ಬರಿದ್ದಾರೆ ಸರ್ ಎಂದೆ.

ಮಾರ್ಚ್ 22, ಶನಿವಾರ ಸಂಜೆ. ಅಮ್ಮ ರಜ ಹಾಕಿದ್ದಾಳೆ. ನೀನು ಬರಲೇಬೇಕು. ಪೂರ್ತಿ ಚಿತ್ರವನ್ನು ನಿನಗೆ ಫೋನಿನಲ್ಲಿ ಕಳಿಸುವುದಿಲ್ಲ, ಇಲ್ಲಿಗೇ ಬಂದು ನೋಡು.

ಶ್ರೀಯಾ

---

ತಿಪಟೂರು
3 ಮಾರ್ಚ್ 2025

ಶ್ರೀಯಾ ಮರಿ,

ಯುಗಾದಿ ಹತ್ತಿರ ಬಂತು. ಬ್ಲೌಸುಗಳು ನನ್ನ ಎತ್ತರಕ್ಕೆ ಬಿದ್ದಿವೆ. ನಾನು ಬರಲಾಗುವುದಿಲ್ಲ, ಸುಮತಿ ಬರುತ್ತಾಳೆ.

ನಿನ್ನ ಹತ್ತಿರ ಸುಳ್ಳು ಹೇಳಿ ಒಮ್ಮೆ ಸಿಕ್ಕಿಬಿದ್ದಾಗಿದೆ, ನಿಜ ಹೇಳುತ್ತೇನೆ. ಭಯ. ಅಷ್ಟು ದೊಡ್ಡ ಪರದೆ, ಅಷ್ಟು ಜನ. ಪಕ್ಕದಲ್ಲಿ ಸುಮತಿ. ನನಗಾಗಿ ಬಣ್ಣ ಬಿಟ್ಟು ಬಾಯಿ ಬರೆದಿದ್ದೀಯ. ಏನೂ ಸಿಗದಿದ್ದರೆ? ಎಲ್ಲರೂ ನಕ್ಕ ಮೇಲೆ ನಕ್ಕು, ಚೆನ್ನಾಗಿತ್ತು ಎಂದು ನಿನ್ನ ಮುಖ ನೋಡಿ ಹೇಳುವುದು ನನ್ನಿಂದ ಆಗದು.

ದೊಡ್ಡಮ್ಮ

---

ಕ್ರೋಂಪೇಟೆ
9 ಮಾರ್ಚ್ 2025

ದೊಡ್ಡಮ್ಮಾ,

ಚೆನ್ನಾಗಿತ್ತು ಎಂದು ಹೇಳಲು ಯಾರು ಕರೆದರು ನಿನ್ನನ್ನು? ಸಿಗದಿದ್ದರೆ ಸಿಗಲಿಲ್ಲ ಅನ್ನು. ಮೀನು, ಮೊಸಳೆ ಎಂದು ಬೈದೆಯಲ್ಲ, ಹಾಗೇ ಬೈ. ನನಗೆ ಬೇಕಾದದ್ದು ಅದೇ. ನಿನ್ನ ಟಿಕೆಟ್ ಅಮ್ಮನ ಹತ್ತಿರ ಇದೆ. ಬ್ಲೌಸುಗಳು ಕಾಯುತ್ತವೆ.

ಶ್ರೀಯಾ

---

ತಿಪಟೂರು
27 ಮಾರ್ಚ್ 2025

ಶ್ರೀಯಾ ಮರಿ,

ಸುಖವಾಗಿ ಊರು ಸೇರಿದೆವು. ನೀನು ಪರದೆಯ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ, ನನ್ನ ಕಡೆಯಿಂದ ಅದು ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಧನುಷ್ ಮಾಡಿದ ಏಡಿಯ ಚಿತ್ರ ಚೆನ್ನಾಗಿತ್ತು, ಅದಕ್ಕೆ ಮಾತೇ ಬೇಡ. ಆಮೇಲೆ ನಿನ್ನದು ಬಂತು. ಹುಡುಗಿ ಓಡಿಬಂದು "ಲಂಗ ಹರೀತು" ಎಂದಳು. ಸಿಕ್ಕಿತು. ಟೀಚರ್ ಬೈದದ್ದು ಸಿಕ್ಕಿತು, ಬೆಂಚಿನ ಗೆಳತಿ ಮಾತು ಬಿಟ್ಟದ್ದು ಸಿಕ್ಕಿತು. ನಡುವೆ ಕೆಲವು ಸಿಗಲಿಲ್ಲ, ಅವನ್ನು ಹುಬ್ಬು ನೋಡಿ ಹೊಂದಿಸಿಕೊಂಡೆ. ಊಟ ಚೆಲ್ಲಿದ ಮೇಲೆ ಡಬ್ಬಿಯನ್ನೂ ಬೆಕ್ಕು ಹೊತ್ತುಕೊಂಡು ಹೋದ ಕಥೆಗೆ ನಾನು ಜೋರಾಗಿ ನಕ್ಕೆ. ಸುತ್ತ ನೋಡಿದರೆ ಸುಮತಿ ಬಿಟ್ಟು ಯಾರೂ ನಗುತ್ತಿಲ್ಲ. ಆಮೇಲೆ ತಿಳಿಯಿತು, ಅವರೆಲ್ಲ ಇನ್ನೂ ಕೆಳಗಿನ ಇಂಗ್ಲಿಷ್ ಓದುತ್ತಿದ್ದರು! ಇಷ್ಟು ವರ್ಷದಲ್ಲಿ ಜನರಿಗಿಂತ ಮೊದಲು ನಕ್ಕದ್ದು ಅದೇ ಮೊದಲು. ಗೋಡೆಗೆ ಬಣ್ಣ ಇರಲಿಲ್ಲವಂತೆ, ನನಗೆ ಕಾಣಿಸಲೇ ಇಲ್ಲ. ಸರ್ ಎಷ್ಟು ಮಾರ್ಕ್ಸ್ ಕತ್ತರಿಸಿದರು, ಬರೆ.

ಕೊನೆಯಲ್ಲಿ ಹುಡುಗಿ ಹೊಲಿದ ಲಂಗ ಉಟ್ಟು ಕಿಟಕಿಯ ಕಡೆ ತಿರುಗಿ ಏನೋ ಅಂದಳು. ಅರ್ಧ ಕೆನ್ನೆ ಬಿಟ್ಟು ಏನೂ ಕಾಣಲಿಲ್ಲ. ಅಷ್ಟಕ್ಕೇ ಚಿತ್ರ ಮುಗಿಯಿತು, ಚಪ್ಪಾಳೆ. ಸುಮತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನೆಂದಳು ಎಂದು ಅವಳನ್ನು ಕೇಳಿದ್ದರೆ ಏನಿಲ್ಲ ಬಿಡಕ್ಕ ಎನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತುಬಿಟ್ಟೆ.

"ಆ ಕಿಟಕಿ ಹತ್ರದ ಮಾತು ನಂಗೆ ಸಿಗ್ಲಿಲ್ಲ. ನಂಗೆ ಕಿವಿ ಕೇಳ್ಸಲ್ಲ. ಏನಂದ್ಲು, ಹೇಳೇ!"

ಎಷ್ಟು ಜೋರಾಗಿ ಹೇಳಿದೆನೋ ನನಗೇನು ಗೊತ್ತು, ಬಾಗಿಲಿನ ಹತ್ತಿರ ಇದ್ದವರೂ ತಿರುಗಿ ನೋಡಿದರು. ಸುಮತಿ ನನ್ನ ಸೆರಗು ಹಿಡಿದು ಎಳೆದವಳು ಹಾಗೇ ಕೈ ಬಿಟ್ಟಳು. ನೀನು ಪರದೆಯ ಮುಂದೆ ಬಂದು, ಆ ಬೆಳಕಿನಲ್ಲಿ ನನ್ನ ಕಡೆ ಮುಖ ಮಾಡಿ ನಿಂತೆ. ಕಿರುಚಲಿಲ್ಲ, ಬಾಯಿ ಹಿಗ್ಗಿಸಲಿಲ್ಲ. "ನಾನು ಮನೆಗೆ ಹೋಗಲ್ಲ, ಇಲ್ಲೇ ಇರ್ತೀನಿ" ಎಂದೆ. ನಾನು, "ಇರು, ಯಾರು ಬೇಡ ಅಂದ್ರು?" ಎಂದೆ. ಅದು ಚಿತ್ರದ ಹುಡುಗಿಗೆ ಹೇಳಿದ್ದೋ ನಿನಗೆ ಹೇಳಿದ್ದೋ, ನನಗೇ ಗೊತ್ತಿಲ್ಲ. ಇಷ್ಟೆಲ್ಲ ಮಾಡಿ ಕೊನೆಗೆ ಮುಖ ತಿರುಗಿಸಿಬಿಟ್ಟೆಯಲ್ಲ, ಮುಂದಿನ ಚಿತ್ರದಲ್ಲಿ ಹಾಗೆ ಮಾಡಬೇಡ.

ಊರಿನಲ್ಲಿ ನಾಗರತ್ನಮ್ಮನೊಬ್ಬರಿಗೇ ಹೇಳಿದೆ, ಅಂದರೆ ಇಡೀ ತಿಪಟೂರಿಗೆ ಹೇಳಿದ ಹಾಗಾಯಿತು. ನಿನ್ನೆ ಬಂದವರು ಬ್ಲೌಸ್ ತೆಗೆದುಕೊಂಡು ಹೋಗದೆ, ಸ್ಟೂಲನ್ನು ನನ್ನ ಎದುರಿಗೆ ಎಳೆದುಕೊಂಡು ಕೂತು, ಬೀಗಿತ್ತಿಯ ವಿಷಯ ಮೊದಲಿನಿಂದ ಶುರುಮಾಡಿದರು. ಒಂದು ತೋಳಿನ ಹೊಲಿಗೆ ಹಾಗೇ ಉಳಿಯಿತು.

ಸುಮತಿಯ ವಿಷಯ ಕೊನೆಗಿಟ್ಟಿದ್ದೇನೆ. ರೈಲು ಚೆನ್ನೈ ಬಿಟ್ಟಾಗ ಕಿಟಕಿಯ ಹತ್ತಿರ ನಾನು, ಪಕ್ಕದಲ್ಲಿ ಅವಳು. ಜೋಲಾರಪೇಟೆ ದಾಟುವವರೆಗೂ ಮುಖ ಊದಿಸಿಕೊಂಡಿದ್ದಳು. ಮುಚ್ಚಿಟ್ಟೆನೆಂಬ ಸಿಟ್ಟು. ಅಂಗಡಿ ಮುಚ್ಚು ಎಂದು ಈಗ ಹೇಳುತ್ತಾಳೆ, ಆಗ ಹೇಳುತ್ತಾಳೆ ಎಂದು ನಾನು ಕಾಯುತ್ತಾ ಕೂತಿದ್ದೆ. ಅವಳು ಎದ್ದು, ಎದುರಿನ ಸೀಟಿನಲ್ಲಿದ್ದವರನ್ನು ಕೇಳಿ ಜಾಗ ಬದಲಿಸಿಕೊಂಡು, ನನ್ನ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು. ಮಾತು ಶುರು ಮಾಡಿದಳು. ಬ್ಯಾಂಕಿನ ಮ್ಯಾನೇಜರ್, ನಿಮ್ಮಪ್ಪನ ಗೊರಕೆ, ನಿನ್ನನ್ನು ಚೆನ್ನೈಗೆ ಕಳಿಸಿದ ದಿನ ಬಚ್ಚಲಲ್ಲಿ ನಿಂತು ಅತ್ತದ್ದು, ನನಗೆ ಯಾವತ್ತೂ ಹೇಳಿರದ ಇನ್ನೂ ಎಷ್ಟೋ. ಬಂಗಾರಪೇಟೆ ಬಂತು, ಹೋಯಿತು. ನೋಡಿ ನೋಡಿ ನನ್ನ ಕಣ್ಣು ಉರಿಯತೊಡಗಿತು, ಒಂದು ಗಳಿಗೆ ಇರಲಿ ಎಂದು ಮುಚ್ಚಿಕೊಂಡೆ.

ತಕ್ಷಣ ಮೊಣಕಾಲಿಗೆ ಒಂದು ಏಟು ಬಿತ್ತು. ಕಣ್ಣು ಬಿಟ್ಟೆ.

"ನಿದ್ದೆ ಮಾಡ್ಬೇಡ ಕಣಕ್ಕಾ," ಎಂದಳು ಸುಮತಿ. "ಇನ್ನೂ ಮುಗ್ದಿಲ್ಲ."

ದೊಡ್ಡಮ್ಮ